ಉಮ್ಲಿಂಗ್ ಲಾ, ಚಾಂಗ್ ಲಾ, ನಾಥೂ ಲಾ: ಕೊಡಗಿನಿಂದ ಹೊರಡುವವರು ಯಾವುದನ್ನು ಆರಿಸಿಕೊಳ್ಳಬೇಕು?

ಚೀನಾ ಗಡಿಯ ಕಡೆಯ ಹಿಮಾಲಯಕ್ಕೆ ಗಾಡಿ ತೆಗೆದುಕೊಂಡು ಹೋಗಬೇಕೆಂದು ಕೊಡಗಿನಲ್ಲಿ ಯಾರು ಮನಸ್ಸು ಮಾಡಿದರೂ ಮೊದಲು ವಿಚಾರಿಸುವುದು ಯಾವ ಕಣಿವೆ ಮಾರ್ಗ (ಅಲ್ಲಿಯವರ ಮಾತಿನಲ್ಲಿ ‘ಲಾ’) ಎಲ್ಲಕ್ಕಿಂತ ಎತ್ತರದ್ದು ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ. ಆ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ? ಜೊತೆಯಲ್ಲಿದ್ದವರ ಆರೋಗ್ಯ ಕೆಟ್ಟರೆ ಎಷ್ಟು ಹೊತ್ತಿನಲ್ಲಿ ಕೆಳಗಿಳಿಯಬಲ್ಲಿರಿ? ಇವೆರಡಕ್ಕೆ ಉತ್ತರ ಸಿಕ್ಕಿತೆಂದರೆ ಯಾವ ಮಾರ್ಗ ನಿಮಗೆ ಹೊಂದುತ್ತದೆ ಎಂಬುದು ತಾನಾಗಿಯೇ ತೀರ್ಮಾನವಾಗುತ್ತದೆ.

ಗಾಡಿ ಓಡಿಸುವ ವಿಷಯದಲ್ಲಿ ನಮ್ಮವರಿಗೆ ಹೆಚ್ಚು ಹೇಳಿಕೊಡಬೇಕಾಗಿಲ್ಲ. ಮಳೆಗಾಲದ ರಾತ್ರಿ ಸಂಪಾಜೆ ಘಾಟಿಯಲ್ಲಿ ಲಾರಿಗಳ ಹಿಂದೆ ಇಳಿದವರಿಗೆ, ಮಾಕುಟ್ಟದ ತಿರುವುಗಳಲ್ಲಿ ಮಂಜಿನೊಳಗೆ ಹಾರ್ನ್ ಹಾಕುತ್ತ ಸಾಗಿದವರಿಗೆ ಹಿಮಾಲಯದ ತಿರುವುಗಳು ಹೊಸದೆನಿಸುವುದಿಲ್ಲ. ಹೊಸದು ಅಲ್ಲಿನ ಗಾಳಿ. ನಮ್ಮ ಜಿಲ್ಲೆಯ ಅತಿ ಎತ್ತರದ ಶಿಖರ ತಡಿಯಂಡಮೋಳ್ 1,748 ಮೀಟರ್. ಲೇಹ್ ಪಟ್ಟಣವೇ ಅದರ ಎರಡರಷ್ಟು ಎತ್ತರದಲ್ಲಿ, ಸುಮಾರು 3,500 ಮೀಟರಿನಲ್ಲಿದೆ. ಲಡಾಖ್‌ನ ಉಮ್ಲಿಂಗ್ ಲಾ ಮೂರು ಪಟ್ಟನ್ನೂ ದಾಟುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಅರ್ಧದಷ್ಟು ಮಾತ್ರ. ದಿನವಿಡೀ ತೋಟದಲ್ಲಿ ಏರಿಳಿದು ಗಟ್ಟಿಯಾದ ಮೈಗೂ ಅಲ್ಲಿ ವಿನಾಯಿತಿ ಇಲ್ಲ. ಎತ್ತರದ ಕಾಯಿಲೆ ಗಟ್ಟಿಮುಟ್ಟಾದ ಯುವಕನನ್ನೇ ಮೊದಲು ಕೆಡವಬಹುದು, ಏಕೆಂದರೆ ಅವನೇ ಅವಸರದಲ್ಲಿ ಹತ್ತುತ್ತಾನೆ.

ಹೊರಡುವ ಕಾಲ

ಕಾಫಿ ಬೆಳೆಗಾರನಿಗೆ ವರ್ಷದಲ್ಲಿ ಬಿಡುವು ಸಿಗುವುದೇ ಕಡಿಮೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಯ ಚಿಂತೆ, ಮುಂಗಾರಿಗೆ ಮುನ್ನ ಬೋರ್ಡೋ ಸಿಂಪಡಣೆ, ಜುಲೈಯಲ್ಲಿ ಗದ್ದೆ ಇದ್ದವರಿಗೆ ನಾಟಿ, ನವೆಂಬರ್‌ನಿಂದ ಅರೇಬಿಕಾ ಕೊಯ್ಲು. ಉಳಿಯುವುದು ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೂ ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣಕ್ಕೂ ನಡುವಿನ ಕಾಲ. ನಮ್ಮ ಅದೃಷ್ಟಕ್ಕೆ ಗಡಿಯ ರಸ್ತೆಗಳಿಗೂ ಅದೇ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಗುಡ್ಡಗಳು ಜರಿಯುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಏನಾಯಿತೆಂದು ಕಂಡ ಜನರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸೆಪ್ಟೆಂಬರ್ ನಡುಭಾಗಕ್ಕೆ ಮಳೆ ಹಿಂದೆ ಸರಿಯುತ್ತದೆ, ಹಿಮ ಕರಗಿ ಬರುವ ನೀರೂ ಇಳಿಯುತ್ತದೆ, ಆಕಾಶ ತಿಳಿಯಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ನಮ್ಮಲ್ಲಿ ತೊರೆ ಉಕ್ಕುವುದು ಮಳೆ ಬಂದಾಗ. ಅಲ್ಲಿ ಬೇಸಿಗೆಯಲ್ಲಿ ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಮಧ್ಯಾಹ್ನಕ್ಕೆ ಬಂಪರ್ ಮುಟ್ಟುತ್ತದೆ. ಆದ್ದರಿಂದ ಜೂನ್, ಜುಲೈಯಲ್ಲಿ ಹೋಗುವವರು ನಸುಕಿನಲ್ಲೇ ಹೊರಟು ತೊರೆಗಳನ್ನು ದಾಟಿಬಿಡಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಹೋಗುವವರಿಗೆ ಇದರ ವಿರುದ್ಧದ ಮಾತು ಅನ್ವಯಿಸುತ್ತದೆ. ಹಿಂದಿನ ದಿನ ರಸ್ತೆಗೆ ಹರಿದ ನೀರು ರಾತ್ರಿ ಹೆಪ್ಪುಗಟ್ಟಿ, ಬೆಟ್ಟದ ನೆರಳಿರುವ ತಿರುವುಗಳಲ್ಲಿ ಕಣ್ಣಿಗೆ ಕಾಣದ ಮಂಜುಗಡ್ಡೆಯಾಗಿ ಕೂತಿರುತ್ತದೆ. ಬಿಸಿಲು ರಸ್ತೆಗೆ ಬಿದ್ದ ಮೇಲೆಯೇ ಗಾಡಿ ಎಬ್ಬಿಸಬೇಕು.

ಲೇಹ್‌ಗೆ ಯಾವ ದಾರಿ: ಜೋಜಿ ಲಾ ಅಥವಾ ಮನಾಲಿ

ಲಡಾಖ್‌ನ ಯಾವ ಮಾರ್ಗವನ್ನು ಆರಿಸಿಕೊಂಡರೂ ಮೊದಲು ಲೇಹ್ ಸೇರಬೇಕು. ಮನಾಲಿಯ ದಾರಿಯೇ ಚೆಂದ ಎನ್ನುವವರು ಹೆಚ್ಚು. 9 ಕಿಲೋಮೀಟರಿನ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ರೋಹ್ತಾಂಗ್ ಹತ್ತುವ ಕಷ್ಟವೂ ತಪ್ಪಿದೆ. ನೋಟ ಚೆಂದವೇ ಇರಬಹುದು, ಆದರೆ ಮೈಗೆ ಆ ದಾರಿ ಕ್ರೂರ. ಮನಾಲಿ ಇರುವುದು ಸುಮಾರು 2,050 ಮೀಟರಿನಲ್ಲಿ. ಅಲ್ಲಿಂದ ಹೊರಟವರು ಬಾರಾಲಾಚಾ ಲಾ ದಾಟಿ ಮಲಗುವುದು 4,290 ಮೀಟರಿನ ಸರ್ಚುವಿನ ಡೇರೆಗಳಲ್ಲಿ. ಒಂದೇ ಹಗಲಿನಲ್ಲಿ ಎರಡು ಸಾವಿರ ಮೀಟರ್ ಏರಿ ನಿದ್ದೆ ಬರಲಿ ಎಂದರೆ ಹೇಗೆ ಬಂದೀತು? ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಮರುದಿನ 5,300 ಮೀಟರ್ ಮೀರಿದ ತಂಗ್ಲಾಂಗ್ ಲಾ ಇನ್ನೂ ಬಾಕಿ. ಡೀಸೆಲ್, ಪೆಟ್ರೋಲ್ ಲೆಕ್ಕವೂ ಬಿಗಿ. ತಾಂಡಿಯ ಬಂಕ್ ಬಿಟ್ಟರೆ ಮುಂದಿನದು 365 ಕಿಲೋಮೀಟರ್ ಎಂದು ಅಲ್ಲಿಯ ಫಲಕ ಬಹುಕಾಲದಿಂದ ಎಚ್ಚರಿಸುತ್ತ ಬಂದಿದೆ.

ಶ್ರೀನಗರದ ದಾರಿ ಹಾಗಲ್ಲ. ಬೆಂಗಳೂರಿನಲ್ಲಿ ಸೇರಿಕೊಳ್ಳುವ 44ನೇ ರಾಷ್ಟ್ರೀಯ ಹೆದ್ದಾರಿಯೇ ಶ್ರೀನಗರದವರೆಗೆ ಕರೆದೊಯ್ಯುತ್ತದೆ. ಶ್ರೀನಗರ ಸುಮಾರು 1,600 ಮೀಟರ್, ಮಡಿಕೇರಿಗಿಂತ ನಾನೂರು, ನಾನೂರೈವತ್ತು ಮೀಟರ್ ಮೇಲೆ ಅಷ್ಟೇ. ಮರುದಿನ ಜೋಜಿ ಲಾ ದಾಟಿ 2,700 ಮೀಟರಿನ ಕಾರ್ಗಿಲ್‌ನಲ್ಲಿ ತಂಗಬಹುದು. ಅದರ ಮರುದಿನ 4,108 ಮೀಟರಿನ ಫೋಟು ಲಾ ಏರಿ ಇಳಿದು ಲೇಹ್. ರಾತ್ರಿಯಿಂದ ರಾತ್ರಿಗೆ ಏರಿಕೆ ಸಮನಾಗಿ ಹಂಚಿಹೋಗುತ್ತದೆ. ಹೋಗುವಾಗ ಶ್ರೀನಗರ, ಮೈ ಒಗ್ಗಿದ ಮೇಲೆ ಮರಳುವಾಗ ಮನಾಲಿ: ಇದು ನನ್ನ ಖಚಿತ ಸಲಹೆ.

ಕೊಡಗಿನವರು ಜೋಜಿ ಲಾ ಮೂಲಕ ಹೋಗಬೇಕೆನ್ನಲು ಇನ್ನೊಂದು ಕಾರಣವಿದೆ. ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಹಿಮ ಬೀಳುತ್ತಿದ್ದಾಗ, ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯನವರು ಸ್ಟುವರ್ಟ್ ಟ್ಯಾಂಕುಗಳನ್ನು ಇದೇ ಮಾರ್ಗಕ್ಕೆ ಹತ್ತಿಸಿದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಟ್ಯಾಂಕುಗಳ ಮೇಲ್ಭಾಗದ ಗೋಪುರಗಳನ್ನು ಬಿಚ್ಚಿ ಮುಚ್ಚಿಕೊಂಡು ತಂದು, ಸೈನ್ಯದ ಎಂಜಿನಿಯರುಗಳಾದ ಮದ್ರಾಸ್ ಸ್ಯಾಪರ್ಸ್ ದಳದವರು ಅಗಲಗೊಳಿಸಿದ ಹೇಸರಗತ್ತೆಯ ದಾರಿಯಲ್ಲಿ ಮೇಲಕ್ಕೆ ಒಯ್ದಿದ್ದರು. ಸುಮಾರು 3,500 ಮೀಟರ್ ಎತ್ತರದಲ್ಲಿ ಟ್ಯಾಂಕ್ ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ತಿಮ್ಮಯ್ಯನವರು ತಾವೇ ಮುಂದಿನ ಟ್ಯಾಂಕಿನಲ್ಲಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಹಾರಿಸಿದ ಡಕೋಟಾ ವಿಮಾನದಲ್ಲಿ ಲೇಹ್‌ಗೆ ಇಳಿದವರೂ ಅವರೇ. ಹೊರಡುವ ಮೊದಲು ಮಡಿಕೇರಿಯ ಸನ್ನಿ ಸೈಡ್‌ಗೆ, ಈಗ ವಸ್ತುಸಂಗ್ರಹಾಲಯವಾಗಿರುವ ಅವರ ಮನೆಗೆ, ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಜೋಜಿ ಲಾದ ಬುಡದ ಬಾಲ್ಟಾಲ್‌ನಿಂದ ಮೇಲಿನ ಆ ತಿರುವುಗಳನ್ನು ಮಕ್ಕಳು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಇದೇ ದಾರಿಯ ಸೋನಾಮಾರ್ಗ್ ಸುರಂಗ 2025ರ ಜನವರಿಯಲ್ಲಿ ತೆರೆದಿದೆ. ಜೋಜಿ ಲಾದ ಅಡಿಯಲ್ಲೂ ಸುಮಾರು 13 ಕಿಲೋಮೀಟರ್ ಸುರಂಗದ ಕೆಲಸ ನಡೆದಿದೆ. ಅದು ಮುಗಿದರೆ ಬಹುಪಾಲು ವಾಹನಗಳು ಬೆಟ್ಟದೊಳಗಿನಿಂದಲೇ ದಾಟಿ ಹೋಗುತ್ತವೆ.

ಖರ್ದುಂಗ್ ಲಾ, ಚಾಂಗ್ ಲಾ, ಉಮ್ಲಿಂಗ್ ಲಾ

ಲೇಹ್‌ನಲ್ಲಿ ಎರಡು ಪೂರ್ತಿ ದಿನ ಸುಮ್ಮನಿರಬೇಕು. ಇದರಲ್ಲಿ ರಿಯಾಯಿತಿ ಕೇಳಬೇಡಿ. ವಿಮಾನದಲ್ಲಿ ಬಂದಿಳಿದವರಿಗಂತೂ ಮೊದಲ ದಿನ ಮಹಡಿ ಹತ್ತುವುದೂ ಬೇಡ.

ನಂತರದ ಮೊದಲ ಆಯ್ಕೆ ಖರ್ದುಂಗ್ ಲಾ. ಲೇಹ್‌ನಿಂದ ನಲವತ್ತು ಕಿಲೋಮೀಟರ್. ಮೇಲಿನ ಹಳೆಯ ಫಲಕ 18,380 ಅಡಿ ಎಂದು ಸಾರುತ್ತಿತ್ತು. ಅಳತೆ ಮಾಡಿದವರ ಪ್ರಕಾರ ಅದು 17,582 ಅಡಿ, ಅಂದರೆ 5,359 ಮೀಟರ್. ಎತ್ತರ ಕೇಳಿ ಹೆದರುವವರಿಗೆ ನಾನು ಹೇಳುವುದು, ಹೊಸಬರಿಗೆ ಎಲ್ಲಕ್ಕಿಂತ ಸುರಕ್ಷಿತವಾದದ್ದು ಇದೇ ಎಂದು. ಕಾಲು ಗಂಟೆ ಮೇಲೆ ನಿಂತು ಆಚೆ ಇಳಿದರೆ ನುಬ್ರಾ ಕಣಿವೆ. ದಿಸ್ಕಿತ್, ಹುಂಡರ್ ಇರುವುದು 3,100 ಮೀಟರಿನ ಆಸುಪಾಸಿನಲ್ಲಿ, ಲೇಹ್‌ಗಿಂತಲೂ ಕೆಳಗೆ. ಅಲ್ಲಿ ರಾತ್ರಿ ನಿದ್ದೆ ಬರುತ್ತದೆ. ದಿಸ್ಕಿತ್‌ನಲ್ಲಿ ಬಂಕ್ ಇದೆ. ಮರುದಿನ ಶ್ಯೋಕ್ ನದಿಯ ದಂಡೆಯಲ್ಲೇ ತುರ್ತುಕ್‌ಗೆ ಹೋಗಬಹುದು. 1971ರ ಯುದ್ಧದವರೆಗೆ ಪಾಕಿಸ್ತಾನದ ಹಿಡಿತದಲ್ಲಿದ್ದ, 2010ರಲ್ಲಿ ಪ್ರವಾಸಿಗರಿಗೆ ತೆರೆದ ಬಾಲ್ಟಿ ಹಳ್ಳಿ ಅದು. ನಿಯಂತ್ರಣ ರೇಖೆ ಹತ್ತಿರದಲ್ಲೇ ಇದೆ. ಏಪ್ರಿಕಾಟ್ ತೋಟಗಳ ನಡುವೆ ಅದು ಹೊರಗಿನವರ ಅರಿವಿಗೇ ಬರುವುದಿಲ್ಲ.

ಎರಡನೆಯದು ಚಾಂಗ್ ಲಾ. ಎತ್ತರದಲ್ಲಿ ಖರ್ದುಂಗ್ ಲಾಕ್ಕೆ ಸರಿಸಮ, ಸುಮಾರು 5,360 ಮೀಟರ್. ಆದರೆ ಇದನ್ನು ದಾಟಿದವರು ಮಲಗುವುದು 4,200 ಮೀಟರ್ ಮೀರಿದ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ. ಎರಡೂ ಒಂದೇ ಎತ್ತರದ ಮಾರ್ಗಗಳು, ಆದರೂ ರಾತ್ರಿ ಸಾವಿರ ಮೀಟರಿನ ವ್ಯತ್ಯಾಸ. ನುಬ್ರಾದಲ್ಲಿ ಎರಡು ರಾತ್ರಿ ಕಳೆದ ಮೇಲೆ ಪ್ಯಾಂಗಾಂಗ್‌ಗೆ ಹೋಗಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ಸಣ್ಣ ಮಕ್ಕಳಿದ್ದರೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಿ ಬರುವುದೇ ಲೇಸು. ಹೋಗಿಬರಲು ಮುನ್ನೂರು ಕಿಲೋಮೀಟರ್ ಮೀರುತ್ತದೆ. ದಣಿವಾದರೂ ರಾತ್ರಿಯ ಉಸಿರಾಟ ಸಲೀಸು.

ಗಡಿ ಎಂದರೇನೆಂದು ಮನಸ್ಸಿಗೆ ತಟ್ಟುವುದು ಪ್ಯಾಂಗಾಂಗ್‌ನಿಂದ ಮುಂದಿನ ದಾರಿಯಲ್ಲಿ. ಸ್ಪಾಂಗ್‌ಮಿಕ್, ಮಾನ್, ಮೆರಾಕ್ ದಾಟಿ ಚುಶೂಲ್ ತಲುಪಿದರೆ ರೆಜಾಂಗ್ ಲಾ ಸ್ಮಾರಕ. 1962ರ ನವೆಂಬರ್ 18ರಂದು ಮೇಜರ್ ಶೈತಾನ್ ಸಿಂಗ್ ನೇತೃತ್ವದ 13 ಕುಮಾವ್ ದಳದ ಒಂದು ಕಂಪನಿ ಇಲ್ಲಿನ ನೆತ್ತಿಯ ಮೇಲೆ ಬಹುಮಟ್ಟಿಗೆ ಪೂರ್ತಿಯಾಗಿ ಬಲಿಯಾಯಿತು. ಸೈನಿಕರ ಮನೆಗಳೇ ತುಂಬಿರುವ ಜಿಲ್ಲೆಯಿಂದ ಹೋದವರು ಸರೋವರದ ಫೋಟೋ ತೆಗೆದು ತಿರುಗಿ ಬರುವ ಬದಲು ಈ ಸ್ಮಾರಕದ ಮುಂದೆ ಒಂದಿಷ್ಟು ಹೊತ್ತು ನಿಲ್ಲಬೇಕು. ನನಗೆ ಇಡೀ ಲಡಾಖ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಜಾಗ ಇದು.

ಮೂರನೆಯದು ಉಮ್ಲಿಂಗ್ ಲಾ. 19,024 ಅಡಿ. ಚಿಸುಮ್ಲೆಯಿಂದ ದೆಮ್‌ಚೋಕ್‌ಗೆ ಗಡಿ ರಸ್ತೆ ಸಂಸ್ಥೆ ನಿರ್ಮಿಸಿದ 52 ಕಿಲೋಮೀಟರ್ ರಸ್ತೆ ಇದರ ಮೇಲೆ ಹಾದುಹೋಗುತ್ತದೆ. 2021ರಲ್ಲಿ ಗಿನ್ನೆಸ್ ದಾಖಲೆಯೂ ಬಂತು. ದಾಖಲೆಗಾಗಿಯೇ ಹೋಗುವವರಿಗೆ ತಿಳಿದಿರಲಿ: 2025ರಲ್ಲಿ ಅದೇ ಸಂಸ್ಥೆ 19,400 ಅಡಿಯ ಮಿಗ್ ಲಾಕ್ಕೆ ರಸ್ತೆ ತಲುಪಿಸಿದೆ. ಎತ್ತರದ ಅಂಕಿಯ ಬೆನ್ನು ಹತ್ತಿದವರಿಗೆ ಕೊನೆಯೆಂಬುದಿಲ್ಲ.

ಇದಕ್ಕೆ ತಂಗುದಾಣ ಹಾನ್ಲೆ. ಲೇಹ್‌ನಿಂದ ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ, ಲೋಮಾ ಮೂಲಕ ಸಿಂಧೂ ನದಿಯ ಜೊತೆಜೊತೆಯಾಗಿ ಸುಮಾರು 250 ಕಿಲೋಮೀಟರ್. ಹಾನ್ಲೆಯಲ್ಲಿ 4,500 ಮೀಟರ್ ಎತ್ತರದ ಗುಡ್ಡದ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯವಿದೆ. ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕೂತು ಚಲಾಯಿಸುತ್ತಾರೆ. ಸುತ್ತಲಿನ ಪ್ರದೇಶ ಕತ್ತಲೆಯನ್ನು ಕಾಪಾಡಿಕೊಳ್ಳಲು ಮೀಸಲಾದದ್ದು. ರಾತ್ರಿ ಅಲ್ಲಿ ಹೆಡ್‌ಲೈಟಿನ ಹೈಬೀಮ್ ಹಾಕಿ ಓಡಾಡಬೇಡಿ.

ಹಾನ್ಲೆಯಿಂದ 5,500 ಮೀಟರಿನ ಫೋಟಿ ಲಾ ದಾಟಿ ಉಮ್ಲಿಂಗ್ ಲಾಕ್ಕೆ ಎಂಬತ್ತು ಕಿಲೋಮೀಟರಿನ ಆಸುಪಾಸು. ರಸ್ತೆ ಬಹುಪಾಲು ಚೆನ್ನಾಗಿದೆ. ಚೆನ್ನಾಗಿರುವುದೇ ಮೋಸ, ಏಕೆಂದರೆ ಗಾಡಿ ಸಲೀಸಾಗಿ ಏರುವಾಗ ಮೈಗೆ ಏನಾಗುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಖರ್ದುಂಗ್ ಲಾದ ಮೇಲೆ ಯಾರಿಗಾದರೂ ಉಸಿರು ಕಟ್ಟಿದರೆ ಗಂಟೆ, ಒಂದೂವರೆ ಗಂಟೆಯಲ್ಲಿ ಲೇಹ್‌ನ ಎಸ್‌.ಎನ್‌.ಎಂ. ಆಸ್ಪತ್ರೆಯಲ್ಲಿರಬಹುದು. ಹಾನ್ಲೆಯಲ್ಲಿ ಹಾಗಾದರೆ ಇಳಿಯುವುದಾದರೂ ಎಲ್ಲಿಗೆ? ಸುತ್ತಲಿನ ನೆಲವೆಲ್ಲ ನಾಲ್ಕು ಸಾವಿರ ಮೀಟರಿಗೂ ಮೇಲೆ. ನ್ಯೋಮಾ ಕೂಡ ಅಷ್ಟೇ. ನಿಜವಾಗಿ ತಗ್ಗು ಸಿಗಲು ಉಪ್ಶಿಯ ಹತ್ತಿರದವರೆಗೆ, ಗಂಟೆಗಟ್ಟಲೆ, ಗಾಡಿ ಓಡಿಸಬೇಕು. ಹಾಗಾಗಿ ಲಡಾಖ್‌ನೊಳಗೇ ಹತ್ತು, ಹನ್ನೆರಡು ದಿನ ಇರಬಲ್ಲವರು, ಮೊದಲು ನುಬ್ರಾ, ಆಮೇಲೆ ಪ್ಯಾಂಗಾಂಗ್, ಚುಶೂಲ್ ಎಂದು ಹಂತಹಂತವಾಗಿ ಬಂದವರು, ಮಕ್ಕಳಾಗಲಿ ಹೃದಯ, ಶ್ವಾಸಕೋಶದ ತೊಂದರೆಯವರಾಗಲಿ ಜೊತೆಯಲ್ಲಿಲ್ಲದವರು ಮಾತ್ರ ಉಮ್ಲಿಂಗ್ ಲಾ ಆರಿಸಿಕೊಳ್ಳಲಿ. ತಲೆನೋವಿನೊಂದಿಗೆ ನಡಿಗೆ ತೂರಾಡತೊಡಗಿದರೆ, ಕುಳಿತಲ್ಲೇ ಏದುಸಿರು ಬಂದರೆ ಬೆಳಗಾಗಲೆಂದು ಕಾಯಬಾರದು. ಆಗಲೇ ಇಳಿಯಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಊರಿನಲ್ಲೇ ವೈದ್ಯರನ್ನು ಕೇಳಿಕೊಂಡು ಹೋಗಿ.

ಪೂರ್ವದ ಆಯ್ಕೆಗಳು

ಮನೆಯಲ್ಲಿ ಎಪ್ಪತ್ತು ದಾಟಿದ ತಂದೆ ಇದ್ದಾರೆ, ಸೈನ್ಯದಲ್ಲಿದ್ದವರು, ಗಡಿಯನ್ನು ಇನ್ನೊಮ್ಮೆ ನೋಡಬೇಕೆನ್ನುತ್ತಾರೆ ಎಂದಾದರೆ ಸಿಕ್ಕಿಮ್‌ನ ನಾಥೂ ಲಾ ಯೋಚಿಸಿ. ಎತ್ತರ 4,310 ಮೀಟರ್. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ಗ್ಯಾಂಗ್‌ಟಾಕ್ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಇಳಿದುಬಿಡಬಹುದು. ಗ್ಯಾಂಗ್‌ಟಾಕ್ ಇರುವುದು ತಡಿಯಂಡಮೋಳ್‌ನ ನೆತ್ತಿಗಿಂತ ತುಸು ಕೆಳಗೆ. ಅಲ್ಲಿ ಮಲಗುವವರಿಗೆ ಎತ್ತರದ ಬಾಧೆ ಇರುವುದಿಲ್ಲ. ಆದರೂ ಹೃದಯದ ತೊಂದರೆ ಇದ್ದರೆ ಮೊದಲು ವೈದ್ಯರ ಒಪ್ಪಿಗೆ ಬೇಕು. ನಿಮ್ಮ ಗಾಡಿಯನ್ನು ಅಲ್ಲಿಗೆ ಬಿಡುವುದಿಲ್ಲ. ಸಿಕ್ಕಿಮ್ ನೋಂದಣಿಯ ವಾಹನದಲ್ಲಿ, ನೋಂದಾಯಿತ ಏಜೆಂಟರ ಮೂಲಕ ಪರವಾನಗಿ ಪಡೆದೇ ಹೋಗಬೇಕು. ಸೋಮವಾರ, ಮಂಗಳವಾರ ಪ್ರವಾಸಿಗರಿಗೆ ಪ್ರವೇಶವಿಲ್ಲ. ಸ್ಟಿಯರಿಂಗ್ ನಮ್ಮ ಕೈಯಲ್ಲಿಲ್ಲವಲ್ಲ ಎಂಬ ಕೊರಗು ಇರಬಹುದು. ಹಿರಿಯರ ಜೊತೆ ಹಿಂದಿನ ಸೀಟಿನಲ್ಲಿ ಕೂತು ಅವರ ಮಾತು ಕೇಳುವುದು ಅದಕ್ಕಿಂತ ದೊಡ್ಡದು.

ಅರುಣಾಚಲದ ಬುಮ್ ಲಾ ಇನ್ನೂ ಎತ್ತರ, ಸುಮಾರು 4,600 ಮೀಟರ್. 3,000 ಮೀಟರಿನ ತವಾಂಗ್‌ನಿಂದ 37 ಕಿಲೋಮೀಟರ್. 2024ರ ಮಾರ್ಚ್‌ನಲ್ಲಿ ಸೇಲಾ ಸುರಂಗ ತೆರೆದ ಮೇಲೆ ತವಾಂಗ್ ತಲುಪುವುದು ಸುಲಭವಾಗಿದೆ. ಅರುಣಾಚಲಕ್ಕೆ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶ ಪರವಾನಗಿ ಬೇಕು, ಬುಮ್ ಲಾಕ್ಕೆ ತವಾಂಗ್‌ನಲ್ಲೇ ಬೇರೆ ಅನುಮತಿ. ಕಿನ್ನೌರ್‌ನ ಶಿಪ್ಕಿ ಲಾ 2025ರ ಜೂನ್‌ನಲ್ಲಷ್ಟೇ ಪ್ರವಾಸಿಗರಿಗೆ ತೆರೆದಿದೆ. ಲಡಾಖ್‌ಗೆ ಹೋಲಿಸಿದರೆ ಎತ್ತರ ಕಡಿಮೆ. ಹಿಮಾಚಲದ ಕಡೆ ಹೇಗೂ ಹೋಗುತ್ತಿರುವವರು ಸೇರಿಸಿಕೊಳ್ಳಬಹುದು.

ಯಾವ ಗಾಡಿ

ಹಳೆಯ ಟರ್ಬೋ ಇಲ್ಲದ ಡೀಸೆಲ್ ಜೀಪು ಮಾಂದಲಪಟ್ಟಿ ಹತ್ತುವುದರಲ್ಲಿ ರಾಜ. ಆದರೆ ಐದು ಸಾವಿರ ಮೀಟರಿನಲ್ಲಿ ಗಾಳಿ ಸಾಲದೆ ಕಪ್ಪು ಹೊಗೆ ಉಗುಳುತ್ತ ಮೊದಲ ಗೇರಿಗೆ ಇಳಿಯುತ್ತದೆ. ಟರ್ಬೋ ಇರುವ ಎಂಜಿನ್ ಅಷ್ಟು ಸೊರಗುವುದಿಲ್ಲ. ನಾಲ್ಕು ಚಕ್ರ ಚಾಲನೆ ಇದ್ದರೆ ಒಳ್ಳೆಯದು, ಸೆಪ್ಟೆಂಬರ್‌ನಲ್ಲಿ ಅನಿವಾರ್ಯವಲ್ಲ. ನೆಲದಿಂದ ಎತ್ತರವಿರುವುದು ಅದಕ್ಕಿಂತ ಮುಖ್ಯ. ನಮ್ಮಲ್ಲಿ ರೇಡಿಯೇಟರಿಗೆ ಬರಿಯ ನೀರು ಸುರಿದುಕೊಂಡು ಓಡಿಸುವ ಅಭ್ಯಾಸ ಬಹಳ ಮಂದಿಗಿದೆ. ಹಾನ್ಲೆಯ ಒಂದು ರಾತ್ರಿಯಲ್ಲಿ ಆ ನೀರು ಹೆಪ್ಪುಗಟ್ಟಿ ಎಂಜಿನ್ ಬಿರಿಯಬಹುದು. ಹೊರಡುವ ಮೊದಲೇ ಪೂರ್ತಿ ಖಾಲಿ ಮಾಡಿಸಿ ಸರಿಯಾದ ಪ್ರಮಾಣದಲ್ಲಿ ಕೂಲೆಂಟ್ ತುಂಬಿಸಿ. ಬಯಲಿನ ಡೀಸೆಲ್ ಕೂಡ ಕಡುಚಳಿಯಲ್ಲಿ ಮಂದವಾಗುತ್ತದೆ, ಆದ್ದರಿಂದ ಲೇಹ್‌ನ, ಇಲ್ಲವೇ ಅದರ ಹತ್ತಿರದ ಕಾರು ಎಂಬ ಊರಿನ ಬಂಕುಗಳಲ್ಲಿ ಟ್ಯಾಂಕ್ ಭರ್ತಿ ಮಾಡಿಕೊಂಡೇ ಮುಂದೆ ಹೋಗಬೇಕು. ಮೇಲೆ ಹೋದಂತೆ ಹೊರಗಿನ ಒತ್ತಡ ತಗ್ಗಿ ಟೈರು ಬಿಗಿಯಾಗುತ್ತದೆ, ಲೇಹ್‌ನಲ್ಲಿ ಮತ್ತೊಮ್ಮೆ ಗಾಳಿ ನೋಡಿಸಿ.

ಇಳಿಜಾರಿನ ಪಾಠವನ್ನು ನಾನು ಕಲಿತದ್ದು ಸೈನ್ಯದ ಲಾರಿ ಓಡಿಸಿ ನಿವೃತ್ತರಾದ ನಮ್ಮ ಊರಿನ ಹಿರಿಯರಿಂದ. ಅವರು ಇಳಿಯುವಾಗ ಅರ್ಧ ದಾರಿಯಲ್ಲಿ ಅಗಲವಾದ ಜಾಗ ನೋಡಿ ಗಾಡಿ ನಿಲ್ಲಿಸುತ್ತಿದ್ದರು. ಚಕ್ರದ ಮುಂದೆ ಕಲ್ಲು ಕೊಟ್ಟು, ಬಗ್ಗಿ, ಕೈಯ ಹಿಂಬದಿಯನ್ನು ರಿಮ್ಮಿಗೆ ತಾಗಿಸದೆ ನಾಲ್ಕು ಬೆರಳು ದೂರದಲ್ಲಿ ಹಿಡಿಯುತ್ತಿದ್ದರು. ನಾಲ್ಕೂ ಚಕ್ರ ಹೀಗೆ ನೋಡಿ, ಒಂದರ ಶಾಖ ಬೇರೆಯದಕ್ಕಿಂತ ಹೆಚ್ಚೆನಿಸಿದರೆ ತಣಿಯುವವರೆಗೆ ಹೊರಡುತ್ತಿರಲಿಲ್ಲ. “ಹತ್ತಿದ ಗೇರಿನಲ್ಲೇ ಇಳಿಯಬೇಕು ಮಾರಾಯ, ಬ್ರೇಕು ನಿಲ್ಲಿಸುವುದಕ್ಕೆ ಇರುವುದು” ಎನ್ನುತ್ತಿದ್ದರು. ನಿಮ್ಮ ಊರಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೋಗುವ ಮೊದಲು ಒಂದು ಸಂಜೆ ಅವರ ಜೊತೆ ಕುಳಿತುಕೊಳ್ಳಿ.

ಕೊಡಗಿನಿಂದ ಅಷ್ಟು ದೂರ ಓಡಿಸಲಾಗದವರು ದೆಹಲಿಯಲ್ಲೋ ಶ್ರೀನಗರದಲ್ಲೋ ಬಾಡಿಗೆಗೆ ಕಾರು ಹಿಡಿಯುವ ಯೋಚನೆ ಮಾಡುತ್ತಾರೆ. ಅದು ಬೇಡ. ಹೊರಗಿನ ಬಾಡಿಗೆ ವಾಹನಗಳನ್ನು ನುಬ್ರಾ, ಪ್ಯಾಂಗಾಂಗ್ ಕಡೆ ಓಡಿಸಲು ಲಡಾಖ್‌ನ ಟ್ಯಾಕ್ಸಿಯವರು ಬಿಡುವುದಿಲ್ಲ, ನಡುದಾರಿಯಲ್ಲಿ ತಡೆಯುತ್ತಾರೆ. ಅಂಥವರು ಲೇಹ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಯ ಟ್ಯಾಕ್ಸಿ ಮಾಡಿಕೊಳ್ಳುವುದೇ ಸರಿ.

ಕಾಗದಪತ್ರ ಮತ್ತು ಗಡಿಯ ಶಿಸ್ತು

2021ರ ಆಗಸ್ಟ್‌ನಲ್ಲಿ ಲಡಾಖ್‌ನ ಸಂರಕ್ಷಿತ ಪ್ರದೇಶಗಳಿಗೆ ಭಾರತೀಯರು ಇನ್ನರ್ ಲೈನ್ ಪರ್ಮಿಟ್ ಪಡೆಯಬೇಕೆಂಬ ನಿಯಮ ಹೋಯಿತು. ಪರಿಸರ ಶುಲ್ಕ ಕಟ್ಟಿದ ರಸೀದಿಯ ಪ್ರತಿಗಳನ್ನು ಮಾತ್ರ ಇಟ್ಟುಕೊಂಡಿರಬೇಕು. ಆದರೆ ಗಡಿಗೆ ಅಂಟಿಕೊಂಡ ದಾರಿಗಳು ಪರಿಸ್ಥಿತಿ ನೋಡಿಕೊಂಡು ತೆರೆಯುತ್ತವೆ, ಮುಚ್ಚುತ್ತವೆ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಮೇಲೆ ಪೂರ್ವ ಲಡಾಖ್‌ನ ದಾರಿಗಳು ಎಷ್ಟೋ ಕಾಲ ಬಿಗಿಯಾಗಿದ್ದವು. ಉಮ್ಲಿಂಗ್ ಲಾ, ಚುಶೂಲ್ ಕಡೆಗೆ ಹೊರಡುವ ಹಿಂದಿನ ದಿನ ಲೇಹ್‌ನ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಯೇ ತೀರಬೇಕು. ಚೆಕ್‌ಪೋಸ್ಟಿನಲ್ಲಿ ಬೇಡವೆಂದರೆ ಮರುಮಾತಿಲ್ಲದೆ ತಿರುಗಬೇಕು. “ನಮ್ಮ ಚಿಕ್ಕಪ್ಪ ಕರ್ನಲ್ ಆಗಿದ್ದರು” ಎಂದು ಅಲ್ಲಿ ನಿಂತಿರುವ ಹುಡುಗನ ಮೇಲೆ ಒತ್ತಡ ಹೇರುವುದು ಆ ಚಿಕ್ಕಪ್ಪನಿಗೇ ಅವಮಾನ. ಸೈನ್ಯದ ವಾಹನಗಳ ಸಾಲು ಬಂದರೆ ಬದಿಗೆ ಸರಿದು ದಾರಿ ಬಿಡಿ. ಸೇತುವೆ, ಶಿಬಿರಗಳ ಫೋಟೋ ಬೇಡ, ಡ್ರೋನ್ ಬೇಡ. ಅನುಮತಿಯಿಲ್ಲದ ಉಪಗ್ರಹ ಫೋನ್ ಇಟ್ಟುಕೊಂಡು ಸಿಕ್ಕಿಬಿದ್ದರೆ ಜೈಲೇ ಗತಿ. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಮಸ್ಕತ್, ಲಂಡನ್, ಅಮೆರಿಕ ಎಂದು ಹೊರಗಿರುವ ಬಂಧುಗಳು ನಮ್ಮಲ್ಲಿ ಮನೆಮನೆಯಲ್ಲೂ ಇದ್ದಾರೆ. ವಿದೇಶಿ ಪಾಸ್‌ಪೋರ್ಟ್ ಇರುವವರಿಗೆ, ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ, ಬೇರೆಯದೇ ಪರವಾನಗಿ ಬೇಕು. ನಾಥೂ ಲಾ, ಬುಮ್ ಲಾಗಳಿಗೆ ವಿದೇಶಿಯರನ್ನು ಬಿಡುವುದಿಲ್ಲ, ಉಮ್ಲಿಂಗ್ ಲಾಕ್ಕೂ ಇಲ್ಲ. ಅಂಥವರು ಜೊತೆಗಿದ್ದರೆ ಖರ್ದುಂಗ್ ಲಾ ದಾಟಿ ನುಬ್ರಾಕ್ಕೆ, ಚಾಂಗ್ ಲಾ ದಾಟಿ ಪ್ಯಾಂಗಾಂಗ್‌ಗೆ ಎಂದು ಯೋಜನೆ ಹಾಕಿಕೊಳ್ಳಿ. ಅವರ ಅರ್ಜಿಯನ್ನು ಲೇಹ್‌ನಲ್ಲಿ ವಿಶ್ರಾಂತಿಗೆಂದು ಇಟ್ಟುಕೊಂಡ ಆ ಎರಡು ದಿನಗಳಲ್ಲೇ ಅಲ್ಲಿನ ಪ್ರವಾಸ ಏಜೆಂಟರ ಮೂಲಕ ಸಲ್ಲಿಸಿ ಮುಗಿಸಿಕೊಳ್ಳಬಹುದು.